ಅಕ್ಕ ನಂಬಿದ ಕೊಬ್ಬರಿ ಎಣ್ಣೆ

ಗೆಳೆಯರೇ, ಇವತ್ತು ತಿಪಟೂರಿನಲ್ಲಿ ನಮ್ಮಕ್ಕನ ಮುಂದಿನ ಎರಡು ಹಲ್ಲು ಕೀಳಿಸಿಕೊಂಡು ಬಂದೆವು. ಒಸಡಿನಲ್ಲಿ ರಕ್ತ ಬಂದರೂ ಆಸ್ಪತ್ರೆಗೆ ಹೋಗದೆ, ಮನೆಯ ಕೊಬ್ಬರಿ ಎಣ್ಣೆಯನ್ನೇ ನಂಬಿ ವರ್ಷವಿಡೀ ಬಾಯಿ ಮುಕ್ಕಳಿಸಿದ್ದಳು.

"ಎಣ್ಣೆ ತಪ್ಪಲ್ಲಮ್ಮ, ಅದೊಂದೇ ಸಾಕು ಅಂತ ಕೂತಿದ್ದು ತಪ್ಪಾಯ್ತು. ಮೊದಲೇ ಬಂದಿದ್ರೆ ಹಲ್ಲು ಉಳೀತಿತ್ತು," ಎಂದರು ಡಾಕ್ಟರು. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು.

ಬಸ್ ಸ್ಟ್ಯಾಂಡಿನಲ್ಲಿ ಪಕ್ಕ ಕೂತಿದ್ದ ಶೆಟ್ಟಿಕೆರೆಯ ಹೆಂಗಸು ವಿಷಯ ಕೇಳಿ, "ಎಳ್ಳೆಣ್ಣೆ ಮುಕ್ಕಳಿಸ್ಬೇಕಿತ್ತು ಕಣವ್ವ. ನಂಗೂ ರಕ್ತ ಬತ್ತದೆ, ನಾನು ಅದ್ನೇ ಮಾಡ್ತಾ ಇವ್ನಿ," ಎಂದಳು. ಅಕ್ಕ ಅವಳ ಕೈ ಹಿಡಿದು ಆಸ್ಪತ್ರೆಯ ಕಡೆ ಬೆರಳು ತೋರಿಸಿದಳು. "ಒಂದ್ಸಲ ತೋರಿಸ್ಕೊಳ್ಳಿ," ಎಂದೆ ನಾನು.

"ಬಸ್ ಬಂತು, ಬುಡವ್ವ," ಎಂದು ಆಕೆ ಕೈ ಬಿಡಿಸಿಕೊಂಡು ಹೊರಟುಹೋದಳು.

ಊರಿಗೆಲ್ಲ ಎಣ್ಣೆಯ ಗುಣ ವರ್ಣಿಸಿದ ನಮ್ಮಕ್ಕನಿಗೆ, ಇವತ್ತು ಬಾಯಿತುಂಬ ಹತ್ತಿ.