ಮೊರಿತಾ ಸಾನ್ ಅವರ ಎಡಗಾಲು

ಕೋವಿಡ್ ಕಾಲದಲ್ಲಿ ಮುಚ್ಚಿದ್ದ ಗಡಿಯನ್ನು ಜಪಾನ್ ಮತ್ತೆ ತೆರೆದ ಮೇಲಿನ ಎರಡನೇ ಬೇಸಿಗೆ ಅದು. ನಾನು ಟೋಕಿಯೊದ ಒಂದು ಆಯುರ್ವೇದ ಸಲೂನಿನಲ್ಲಿ ಪಾರ್ಟ್‌ಟೈಮ್ ಥೆರಪಿಸ್ಟ್ ಆಗಿದ್ದೆ. ಥೆರಪಿಸ್ಟ್ ಎಂದರೆ ಅಲ್ಲಿ ಎಣ್ಣೆ ಹಚ್ಚುವವಳು. ಮೈಸೂರಿನಲ್ಲಿ ಬಿ.ಎ.ಎಂ.ಎಸ್. ಓದಿ, ಇಂಟರ್ನ್‌ಶಿಪ್ ಮುಗಿಸಿ, ಆರು ವರ್ಷ ಸ್ವಂತ ಕ್ಲಿನಿಕ್ ನಡೆಸಿದ್ದೆ. ಪತಿ ಪ್ರಸನ್ನನನ್ನು ಅವನ ಕಂಪನಿ ಇಲ್ಲಿಗೆ ಕಳಿಸಿದಾಗ ಕ್ಲಿನಿಕ್ಕಿಗೆ ಬೀಗ ಹಾಕಿ ಮಗಳನ್ನು ಕರೆದುಕೊಂಡು ನಿಶಿ ಕಸಾಯಿಗೆ ಬಂದೆ.

ಜಪಾನಿನಲ್ಲಿ ನನ್ನ ಪದವಿಗೆ ವೈದ್ಯಕೀಯ ಮಾನ್ಯತೆ ಇಲ್ಲ. ಗಂಡನ ವೀಸಾದ ಮೇಲೆ ಬಂದ ಹೆಂಡತಿ ಅನುಮತಿ ಪಡೆದು ವಾರಕ್ಕೆ ಇಪ್ಪತ್ತೆಂಟು ಗಂಟೆ ಮಾತ್ರ ದುಡಿಯಬಹುದು. 'ಚಿಕಿತ್ಸೆ' ಎಂದು ನಾವು ಬಾಯಿಬಿಡುವಂತಿಲ್ಲ. 'ಮಸಾಜ್' ಎನ್ನುವಂತೆಯೂ ಇಲ್ಲ, ಅದಕ್ಕೆ ಸರ್ಕಾರದ ಬೇರೆ ಲೈಸೆನ್ಸ್ ಬೇಕು. ನಾವು ಮಾರುತ್ತಿದ್ದದ್ದು 'ರಿಲ್ಯಾಕ್ಸೇಶನ್'.

ಸಲೂನಿನ ಒಡತಿ ಅಕಿಕೊ ಸಾನ್ (ಹೆಸರಿಗೆ ಸೇರಿಸುವ 'ಸಾನ್' ನಮ್ಮ 'ಅವರು' ಇದ್ದ ಹಾಗೆ). ಐವತ್ತರ ಆಸುಪಾಸಿನ ಅಚ್ಚುಕಟ್ಟಾದ ಹೆಂಗಸು. ಅವರು ಆಯುರ್ವೇದ ಕಲಿತದ್ದು ಜರ್ಮನಿಯಲ್ಲಿ, ಬೆಟ್ಟದ ಮೇಲಿನ ಒಂದು ಆರೋಗ್ಯಧಾಮದ ಕೋರ್ಸಿನಲ್ಲಿ. ಭಾರತಕ್ಕೆ ಒಮ್ಮೆಯೂ ಬಂದವರಲ್ಲ. ಪಶ್ಚಿಮದಲ್ಲಿ ನಮ್ಮ ಶಾಸ್ತ್ರಕ್ಕೆ ಎರಡು ಹೆಸರಿವೆ: ಆಸ್ಪತ್ರೆಯ ಔಷಧದ ಜೊತೆಗೆ ಬಳಸಿದರೆ ಕಾಂಪ್ಲಿಮೆಂಟರಿ, ಅದನ್ನು ಬಿಟ್ಟು ಬಳಸಿದರೆ ಆಲ್ಟರ್ನೇಟಿವ್. ಅಕಿಕೊ ಸಾನ್ ಸಂದರ್ಶನದ ದಿನವೇ ಇದನ್ನು ವಿವರಿಸಿ, "ನಮ್ಮದು ಎರಡೂ ಅಲ್ಲ. ನಮ್ಮದು ಇಯಾಶಿ" ಎಂದಿದ್ದರು. ಇಯಾಶಿ ಎಂದರೆ ಮನಸ್ಸಿಗೆ ಹಾಯೆನಿಸುವುದು. ಗ್ರಾಹಕರ ಎದುರು ಅವರಿಗೆ ನಾನು 'ಸೆನ್ಸೇ', ಅಂದರೆ ಗುರು. ಹಿಂದಿನ ಕೋಣೆಯಲ್ಲಿ ಟವೆಲ್ ಮಡಚುವಾಗ 'ಪಾತೊ ಸಾನ್', ಪಾರ್ಟ್‌ಟೈಮಿನವಳು. ಕೆಲಸಕ್ಕೆ ಸೀರೆ ಕಡ್ಡಾಯ. ಮೈಸೂರಿನ ಕ್ಲಿನಿಕ್ಕಿನಲ್ಲಿ ನಾನು ಚೂಡಿದಾರದ ಮೇಲೆ ಬಿಳಿ ಕೋಟು ಹಾಕುತ್ತಿದ್ದವಳು.

ಸಲೂನಿನಲ್ಲಿ 'ಭಾರತೀಯ ಸ್ವಾಗತ' ಎಂಬ ಒಂದು ಪದ್ಧತಿ ಇತ್ತು. ಬಂದವರ ಎರಡೂ ಪಾದಗಳನ್ನು ಹಿತ್ತಾಳೆಯ ಬೋಗುಣಿಯಲ್ಲಿಟ್ಟು, ಬೆಚ್ಚನೆಯ ನೀರಿನಲ್ಲಿ ದಾಸವಾಳ ತೇಲಿಬಿಟ್ಟು, ಸೀರೆಯುಟ್ಟ ನಾನು ಮಂಡಿಯೂರಿ ತೊಳೆಯಬೇಕು. ಪ್ರಸನ್ನ ಇದನ್ನು ಕೇಳಿ ಮೊದಲ ದಿನ ಬಿದ್ದು ಬಿದ್ದು ನಕ್ಕಿದ್ದ. "ನಮ್ಮೂರಲ್ಲಿ ಧಾರೆ ಎರೆಯೋ ದಿನ ಒಂದ್ಸಲ ಅಳಿಯನ ಕಾಲು ತೊಳೀತಾರೆ. ಇಲ್ಲಿ ನೀನು ದಿನಕ್ಕೆ ನಾಲ್ಕು ಅಳಿಯಂದಿರನ್ನ ಬರಮಾಡ್ಕೋತೀಯ!" ನನಗೂ ಅದು ನಾಟಕವೆಂದೇ ಅನಿಸುತ್ತಿತ್ತು. ಮುಂದೆ ಹೇಳಲಿರುವುದನ್ನು ನಾನು ಕಂಡದ್ದು ಆ ನಾಟಕದ ನಡುವೆಯೇ.

ಒಂದು ಮಂಗಳವಾರ ಬೆಳಿಗ್ಗೆ ಮೊರಿತಾ ಸಾನ್ ಬಂದರು. ಗ್ಯೋಟೋಕುವಿನ ಸೂಪರ್‌ಮಾರ್ಕೆಟ್ ಒಂದರಲ್ಲಿ ಕ್ಯಾಶಿಯರ್. ದಿನವಿಡೀ ನಿಂತೇ ಇರುವ ಕೆಲಸ. ವಸಂತದಲ್ಲಿ ಪ್ರತಿ ವಾರವೂ ಬರುತ್ತಿದ್ದವರು ಕೆಲವು ವಾರಗಳಿಂದ ಕಾಣಿಸಿರಲಿಲ್ಲ. ಸ್ಟೇಷನ್ನಿನ ಮೆಟ್ಟಿಲಲ್ಲಿ ಜಾರಿ ಎಡಗಾಲಿನ ಹರಡಿನ, ಅಂದರೆ ಪಾದದ ಗಂಟಿನ, ಮೂಳೆ ಮುರಿದು ಪ್ಲಾಸ್ಟರ್ ಹಾಕಿಸಿಕೊಂಡಿದ್ದರಂತೆ. ಅದನ್ನು ಬಿಚ್ಚಿಸಿಕೊಂಡು ಮೂರ್ನಾಲ್ಕು ದಿನವಾಗಿತ್ತು. (ನಮ್ಮ ಮಾತುಗಳೆಲ್ಲ ಅರೆ ಜಪಾನಿ, ಅರೆ ಇಂಗ್ಲಿಷ್. ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ.)

"ಸೆನ್ಸೇ, ಮನೆಯಲ್ಲಿ ಬಿದ್ದುಕೊಂಡು ಬಿದ್ದುಕೊಂಡು ನಾನು ದಪ್ಪ ಮೂಲಂಗಿ ಥರ ಆಗಿದ್ದೀನಿ ನೋಡಿ" ಎಂದು ನಗುತ್ತಾ ಪೈಜಾಮದ ಕಾಲನ್ನು ಮೇಲಕ್ಕೆತ್ತಿದರು.

ಬೋಗುಣಿಯಲ್ಲಿ ಎರಡು ಕಾಲು ಅಕ್ಕಪಕ್ಕ. ಪ್ಲಾಸ್ಟರಿನಲ್ಲಿದ್ದ ಕಾಲಿನ ಸ್ನಾಯು ಕರಗಿ ಅದು ಇನ್ನೊಂದಕ್ಕಿಂತ ಸಣ್ಣಗೆ ಕಾಣಬೇಕು. ಇಲ್ಲಿ ಎಡ ಮೀನಖಂಡ ಬಲಗಾಲಿಗಿಂತ ದಪ್ಪಗಿತ್ತು. ಚರ್ಮ ಬಿಗಿದು ಹೊಳೆಯುತ್ತಿತ್ತು. ಬಣ್ಣ ತುಸು ಕೆಂಪು. ಒದ್ದೆ ಕೈಯನ್ನು ಒರೆಸಿಕೊಂಡು ಹಿಂಗೈಯನ್ನು ಮೊದಲು ಬಲಗಾಲಿಗೆ, ಆಮೇಲೆ ಎಡಗಾಲಿಗೆ ತಾಗಿಸಿದೆ. ಎಡಗಾಲು ಬಿಸಿಯಿತ್ತು.

"ಇಲ್ಲಿ ನೋವಿದೆಯಾ?"

"ನಡೆಯುವಾಗ ಹಿಡಿದ ಹಾಗೆ ಆಗತ್ತೆ. ದಾಯ್‌ಜೋಬು, ಪ್ಲಾಸ್ಟರ್ ತೆಗೆದ ಮೇಲೆ ಊತ ಇರತ್ತಂತೆ. ಅದಕ್ಕೇ ಇವತ್ತು ಊತದ ಕೋರ್ಸ್ ತಗೊಂಡಿದ್ದೀನಿ."

ದಾಯ್‌ಜೋಬು ಎಂದರೆ ಪರವಾಗಿಲ್ಲ, ಎಲ್ಲ ಸರಿಯಿದೆ. ಊತದ ಕೋರ್ಸ್ ನಮ್ಮಲ್ಲಿ ಹೆಚ್ಚು ಬಿಕರಿಯಾಗುವ ಸರಕು. ನಿಂತು ದುಡಿದು ಭಾರವಾದ ಕಾಲುಗಳನ್ನು ಎಣ್ಣೆಯಲ್ಲಿ ಹರಡಿನಿಂದ ಮಂಡಿಯವರೆಗೆ ಮೇಲ್ಮುಖವಾಗಿ ಒತ್ತಿ ತಿಕ್ಕುವುದು. ದಣಿದ ಕಾಲಾದರೆ ಅದರಿಂದ ನಿಜಕ್ಕೂ ಆರಾಮ ಸಿಗುತ್ತದೆ. ಆದರೆ ದಣಿದ ಊತ ಎರಡೂ ಕಾಲಿಗೆ ಬರುತ್ತದೆ. ಬಹಳ ದಿನ ಅಲುಗಾಡದೆ ಇದ್ದ ಒಂದೇ ಕಾಲು ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಮೊದಲು ಸಂಶಯಪಡಬೇಕಾದದ್ದು ಡೀಪ್ ವೇನ್ ಥ್ರಾಂಬೋಸಿಸ್ ಅನ್ನು: ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವುದು. ಅಂಥ ಕಾಲನ್ನು ಒತ್ತಿದರೆ ಹೆಪ್ಪಿನ ತುಣುಕು ಕಿತ್ತು ಶ್ವಾಸಕೋಶಕ್ಕೆ ಹೋಗಿ ಕೂರಬಹುದು. ಆಗ ಮನುಷ್ಯ ನಿಂತಲ್ಲೇ ಸಾಯಬಹುದು. ಇದನ್ನು ನನಗೆ ಯಾವ ತಾಳೆಗರಿಯೂ ಕಲಿಸಲಿಲ್ಲ. ಇಂಟರ್ನ್‌ಶಿಪ್‌ನಲ್ಲಿ ಕ್ಯಾಶುವಾಲ್ಟಿ ಡ್ಯೂಟಿಗೆ ಹಾಕಿದ್ದಾಗ ಅಲ್ಲಿನ ಮೇಡಂ ಬೈದು ಬೈದು ಕಲಿಸಿದ್ದು: "ಒಂದು ಕಾಲು ನೋಡ್ಬೇಡಮ್ಮ, ಯಾವಾಗ್ಲೂ ಎರಡೂ ನೋಡು."

ಟವೆಲ್ ತರುವ ನೆಪದಲ್ಲಿ ಎದ್ದು ಹಿಂದಿನ ಕೋಣೆಗೆ ಹೋಗಿ ಅಕಿಕೊ ಸಾನ್‌ಗೆ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ದನಿ ಏರಿಸಲಿಲ್ಲ.

"ನೀವು ರೋಗದ ಹೆಸರು ಹೇಳಿ, ಅವರು ಆಸ್ಪತ್ರೆಗೆ ಹೋಗಿ, ಅಲ್ಲಿ ಏನೂ ಇಲ್ಲ ಅಂದರೆ ಅವರು ನಮ್ಮ ಮೇಲೆ ದೂರು ಕೊಡಬಹುದು. ಇದೆ ಅಂದರೆ ನಾವು ರೋಗ ಪತ್ತೆ ಮಾಡಿದ ಹಾಗಾಯಿತು, ಅದು ಡಾಕ್ಟರ್ ಕೆಲಸ. ಎರಡರಲ್ಲೂ ಈ ಬಾಗಿಲು ಮುಚ್ಚತ್ತೆ."

"ಹಾಗಾದರೆ ಕಾಲು ಬಿಟ್ಟು ಬರೀ ತಲೆಗೆ ಮಾಡ್ತೀನಿ."

"ಅವರು ಕೇಳಿ ಬಂದಿರೋದು ಕಾಲಿಗೆ."

ಮೆಟ್ಟಿಲ ಬಳಿ ಹೋಗಿ ಪ್ರಸನ್ನನಿಗೆ ಫೋನ್ ಮಾಡಿದೆ. ಅವನ ಜಪಾನಿ ನನ್ನದಕ್ಕಿಂತ ವಾಸಿ.

"ಮೀಟಿಂಗಲ್ಲಿದೀನಿ ಕಣೇ, ಬೇಗ ಹೇಳು."

"ರಕ್ತ ಹೆಪ್ಪುಗಟ್ಟೋದಕ್ಕೆ ಜಪಾನೀಸಲ್ಲಿ ಏನಂತಾರೆ?"

"ಕೆಸ್ಸೆನ್. ಯಾಕೆ, ಯಾರಿಗೆ?" ನಾನು ಎರಡೇ ಮಾತಿನಲ್ಲಿ ಹೇಳಿದೆ. ಅವನ ದನಿ ತಗ್ಗಿತು. "ನೋಡು, ಅಲ್ಲಿ ನೀನು ಡಾಕ್ಟರ್ ಅಲ್ಲ. ಲೈಸೆನ್ಸ್ ಇಲ್ದೆ ಪ್ರಾಕ್ಟೀಸ್ ಮಾಡಿದ್ಲು ಅಂತ ಯಾರಾದ್ರೂ ಬರೆದ್ಹಾಕಿದ್ರೆ ನಾವು ಮೂರೂ ಜನ ಬ್ಯಾಗ್ ಎತ್ಕೊಂಡು ಹೊರಡ್ಬೇಕು."

"ಅಷ್ಟ್ರಲ್ಲಿ ಅವ್ರು ಸತ್ತೋದ್ರೆ?"

"ನೀನು ಮುಟ್ಬೇಡ. ತಲೆನೋವು ಅಂತ ಹೇಳಿ ಮನೆಗೆ ಹೋಗ್ಬಿಡು."

ಮನೆಗೆ ಹೋಗಲಿಲ್ಲ. ಒಳಗೆ ಹೋಗಿ ಮೊರಿತಾ ಸಾನ್ ಮುಂದೆ ಮಂಡಿಯೂರಿ ಹೇಳಿದೆ: "ಇವತ್ತು ಈ ಕಾಲನ್ನು ಒತ್ತಬಾರದು. ನೀವು ಇಲ್ಲಿಂದ ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಇದು ಕೆಸ್ಸೆನ್ ಇರಬಹುದು."

ಅವರ ಮುಖದ ನಗು ಹೋಯಿತು. ಅವರು ನನ್ನ ಕಡೆಯಲ್ಲ, ನನ್ನ ಹಿಂದೆ ಬಾಗಿಲಲ್ಲಿ ನಿಂತಿದ್ದ ಅಕಿಕೊ ಸಾನ್ ಕಡೆ ನೋಡಿದರು. ಅಕಿಕೊ ಸಾನ್ ಸೊಂಟದವರೆಗೆ ಬಾಗಿದರು.

"ಸುಮಿಮಾಸೆನ್, ಕ್ಷಮಿಸಿ ಮೊರಿತಾ ಸಾನ್. ಸೆನ್ಸೇಗೆ ನಿಮ್ಮ ಮೇಲೆ ಕಾಳಜಿ ಜಾಸ್ತಿ. ಇವತ್ತು ನಾನೇ ಮಾಡ್ತೀನಿ, ತುಂಬಾ ಮೆದುವಾಗಿ."

"ಅಯ್ಯೋ, ನನ್ನಿಂದ ನಿಮಗೆಲ್ಲ ತೊಂದರೆ" ಎಂದು ಮೊರಿತಾ ಸಾನ್ ತಿರುಗಿ ಬಾಗಿದರು. ಒಬ್ಬರಿಗೊಬ್ಬರು ಬಾಗುವುದು ಮುಗಿದ ಮೇಲೆ ಅವರು ಮೇಜಿನ ಮೇಲೆ ಬೋರಲಾಗಿ ಮಲಗಿದರು.

"ಅಕಿಕೊ ಸಾನ್, ಬೇಡ" ಎಂದೆ. ಎರಡನೇ ಸಲ ಇನ್ನೂ ಜೋರಾಗಿ ಹೇಳಿದೆ. ಅವರು ನನ್ನತ್ತ ನೋಡದೆ ಎಣ್ಣೆಯನ್ನು ಅಂಗೈಗೆ ಹುಯ್ದುಕೊಂಡು ಎರಡೂ ಹೆಬ್ಬೆರಳನ್ನು ಹರಡಿನ ಮೇಲಿಟ್ಟು ಮಂಡಿಯತ್ತ ಎಳೆದರು. ಮತ್ತೆ ಎಳೆದರು. ಎಣ್ಣೆಯ ಪಾತ್ರೆ ನನ್ನ ಮೊಣಕೈಗೆ ತಾಗುವಷ್ಟು ಹತ್ತಿರವಿತ್ತು. ಅದನ್ನು ಉರುಳಿಸಿದ್ದರೆ ಏನಾಗುತ್ತಿತ್ತು? ಹಾಸಿಗೆ, ನೆಲ, ಸೀರೆ ಎಲ್ಲ ಎಣ್ಣೆಯಾಗಿ ಆ ಕೋರ್ಸ್ ಅಲ್ಲಿಗೇ ನಿಲ್ಲುತ್ತಿತ್ತು. ಇವತ್ತಿಗೂ ಅಡುಗೆ ಮಾಡುವಾಗ, ರೈಲಿನಲ್ಲಿ ಕೂತಾಗ ನಾನು ಆ ಪಾತ್ರೆಯನ್ನು ಉರುಳಿಸುತ್ತಲೇ ಇರುತ್ತೇನೆ. ಅಂದು ನನಗೆ ಹೊಳೆದದ್ದು ಮಾತು ಮಾತ್ರ. ಮಾತಾಡಿದೆ. ಮಾತಿಗೆ ಅಲ್ಲಿ ತೂಕವಿರಲಿಲ್ಲ.

ಕೋರ್ಸ್ ಮುಗಿಯಿತು. ಮೊರಿತಾ ಸಾನ್ ಎದ್ದು ಕೂತು "ಹಗುರವಾಯ್ತು" ಎಂದರು. ಅಕಿಕೊ ಸಾನ್ ಶುಂಠಿ ಚಹಾ ಕೊಡುತ್ತಾ ನನ್ನತ್ತ ಒಂದು ನೋಟ ಹರಿಸಿದರು. ಅದು ಗೆದ್ದವರ ನೋಟವಾಗಿರಲಿಲ್ಲ. ನಿರಾಳವಾದವರದು. ಅರೆಕ್ಷಣ ನಾನೂ ಅದನ್ನೇ ಬಯಸಿದೆ: ನನ್ನ ಊಹೆ ತಪ್ಪಾಗಿರಲಿ, ನನ್ನನ್ನು ನೋಡಿ ಎಲ್ಲರೂ ನಗಲಿ.

ಮೊರಿತಾ ಸಾನ್ ಬಾಗಿಲ ಬಳಿ ಶೂ ಹಾಕಿಕೊಳ್ಳಲು ಬಗ್ಗಿದರು. ಬಗ್ಗಿದವರು ಹಾಗೇ ಶೂ ಸ್ಟ್ಯಾಂಡಿನ ಮೇಲೆ ಕೈಯೂರಿದರು. "ಉಸಿರು..." ಎಂದರು. ಮುಖ ಬೂದಿಯಾಯಿತು, ತುಟಿ ನೀಲಿ. ಕುಸಿಯುವಷ್ಟರಲ್ಲಿ ಹಿಡಿದುಕೊಂಡೆ. ಅವರ ನಾಡಿ ನನ್ನ ಬೆರಳ ಕೆಳಗೆ ಹಕ್ಕಿಯ ಎದೆಯಂತೆ ಓಡುತ್ತಿತ್ತು. ಅಕಿಕೊ ಸಾನ್ ನಿಂತಲ್ಲೇ ನಿಂತಿದ್ದರು. "ನೂರ ಹತ್ತೊಂಬತ್ತು!" ಎಂದು ಕನ್ನಡದಲ್ಲಿ ಕಿರುಚಿದೆ. ಆಮೇಲೆ ನಾನೇ ಆಂಬುಲೆನ್ಸಿನ ಆ ನಂಬರಿಗೆ ಫೋನ್ ಮಾಡಿದೆ.

ಆಂಬುಲೆನ್ಸಿನವರು ಬೇಗ ಬಂದರು. ಆಕ್ಸಿಜನ್ ಹಾಕುತ್ತಾ ಒಬ್ಬ ಕೇಳಿದ, "ಇಲ್ಲಿ ಏನು ಮಾಡುತ್ತಿದ್ದಿರಿ?"

"ರಿಲ್ಯಾಕ್ಸೇಶನ್" ಎಂದರು ಅಕಿಕೊ ಸಾನ್.

ನಾನು ನನ್ನ ಹರಕು ಜಪಾನಿಯಲ್ಲಿ ಪ್ಲಾಸ್ಟರ್, ಒಂದೇ ಕಾಲಿನ ಊತ, ಬಿಸಿ, ಒತ್ತಿ ತಿಕ್ಕಿದ್ದು, ಆಮೇಲೆ ಉಸಿರು ಸಿಕ್ಕಿಕೊಂಡದ್ದು, ಎಲ್ಲವನ್ನೂ ಹೇಳಿ ಕೊನೆಗೆ ಕೆಸ್ಸೆನ್ ಎಂದೆ. ಅವನು ತಲೆಯೆತ್ತಿ ನನ್ನ ಸೀರೆ, ಹಣೆಯ ಬೊಟ್ಟು ನೋಡಿದ.

"ನೀವು ವೈದ್ಯರಾ?"

ಅಕಿಕೊ ಸಾನ್ ನನ್ನನ್ನೇ ನೋಡುತ್ತಿದ್ದರು. "ಅಲ್ಲ" ಎಂದೆ. ಆದರೂ ಅವನು ನಾನು ಹೇಳಿದ್ದನ್ನು ಅಕ್ಷರಶಃ ಆಸ್ಪತ್ರೆಗೆ ಫೋನಿನಲ್ಲಿ ತಿಳಿಸಿದ. ಅಂದು ನನ್ನ ಮಾತನ್ನು ನಂಬಿ ನಡೆದವನು ಅವನೊಬ್ಬನೇ.

ಮನೆಗೆ ಬಂದು ಸೋಫಾದ ಮೇಲೆ ಕೂತವಳು ಎದ್ದಿರಲೇ ಇಲ್ಲ. ಸ್ಕೂಲಿನಿಂದ ಬಂದ ಮಗಳು ಬ್ಯಾಗ್ ಕೆಳಗಿಟ್ಟು "ಅಮ್ಮಾ, ದಾಯ್‌ಜೋಬು?" ಎಂದಳು. ಆ ಪದವನ್ನು ಕೇಳಿ ನನಗೆ ಅಳು ತಡೆಯಲಾಗಲಿಲ್ಲ.

ಮೊರಿತಾ ಸಾನ್ ಬದುಕಿದರು. ಶ್ವಾಸಕೋಶದಲ್ಲಿ ಹೆಪ್ಪು ಸಿಕ್ಕಿಕೊಂಡಿತ್ತು. ಐಸಿಯುನಲ್ಲಿದ್ದು, ರಕ್ತ ತೆಳುವಾಗಿಸುವ ಔಷಧ ಪಡೆದು ಮನೆಗೆ ಮರಳಿದರು. ಓಡಾಡುವಂತಾದ ಮೇಲೆ ಅವರು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಸಿಹಿತಿಂಡಿಯ ಡಬ್ಬಿ ಹಿಡಿದು ಸಲೂನಿಗೆ ಬಂದು ಕ್ಷಮೆ ಕೇಳಿದ್ದು. ಆಂಬುಲೆನ್ಸ್ ಬರುವಂತೆ ಮಾಡಿ ನೆರೆಹೊರೆಯವರಿಗೆಲ್ಲ ತೊಂದರೆ ಕೊಟ್ಟೆನಲ್ಲ ಎಂದು. ಇದನ್ನು ನನಗೆ ಹೇಳಿದವರು ಅಕಿಕೊ ಸಾನ್, ನನ್ನನ್ನು ಕೆಲಸದಿಂದ ಬಿಡಿಸಿದ ದಿನ. ಆ ಡಬ್ಬಿಯಿಂದ ಒಂದು ಸಿಹಿಯನ್ನು ಕಾಗದದಲ್ಲಿ ಸುತ್ತಿ ಎರಡೂ ಕೈಯಲ್ಲಿ ನನಗೆ ಕೊಟ್ಟರು.

"ಗ್ರಾಹಕರ ಎದುರು ನೀವು ರೋಗದ ಹೆಸರು ಹೇಳಿದಿರಿ."

"ನಾನು ಹೇಳಿದ್ದು ಸರಿಯಾಗಿತ್ತು."

"ಸರಿಯಾಗಿತ್ತು. ಅದೇ ತೊಂದರೆ" ಎಂದರು. ಅವರ ಕಣ್ಣು ತುಂಬಿತ್ತು. ಅವರು ಕೆಟ್ಟವರಾಗಿದ್ದಿದ್ದರೆ ಇದನ್ನು ಬರೆಯುವುದು ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಸಿಹಿಯನ್ನು ಸ್ಟೇಷನ್ನಿನ ಮೆಟ್ಟಿಲಲ್ಲಿ ನಿಂತು ತಿಂದೆ. ರುಚಿ ನೆನಪಿಲ್ಲ.

ಚಳಿಗಾಲದಲ್ಲಿ ಒಮ್ಮೆ ಗ್ಯೋಟೋಕುವಿನಲ್ಲಿ ಗೆಳತಿಯ ಮನೆಗೆ ಹೋದವಳು ಹಾಲು ತರಲು ಸೂಪರ್‌ಮಾರ್ಕೆಟ್ಟಿಗೆ ಇಳಿದೆ. ಕೌಂಟರಿನಲ್ಲಿ ಮೊರಿತಾ ಸಾನ್. ಅವರಿಗೆ ಕೂರಲು ಸ್ಟೂಲ್ ಕೊಟ್ಟಿದ್ದರು. ಕಾಲಿಗೆ ಬಿಗಿ ಸ್ಟಾಕಿಂಗ್.

"ಸೆನ್ಸೇ! ಆಸ್ಪತ್ರೆಯ ಡಾಕ್ಟರಿಗೆ ಆಶ್ಚರ್ಯವೋ ಆಶ್ಚರ್ಯ. ಸಲೂನಿನ ಹೆಂಗಸಿಗೆ ಇದು ಹೇಗೆ ಗೊತ್ತಾಯಿತು ಅಂತ ಕೇಳಿದರು. ಅವರು ಇಂಡಿಯಾದವರು, ಮೈ ಮುಟ್ಟಿದರೆ ಸಾಕು ಒಳಗಿರೋದೆಲ್ಲ ಕಾಣತ್ತೆ ಅಂದೆ!"

"ಹಾಗಲ್ಲ, ಮೊರಿತಾ ಸಾನ್. ನಾನು ನಿಮ್ಮ ಎರಡೂ ಕಾಲು ನೋಡಿದೆ, ಅಷ್ಟೇ."

ಅವರು ನನ್ನ ವಿನಯವನ್ನು ಮೆಚ್ಚಿ ನಕ್ಕರು. "ಡಾಕ್ಟರ್ ಒಪ್ಪಿದ ಮೇಲೆ ಮತ್ತೆ ಎಣ್ಣೆಗೆ ಬರ್ತೀನಿ. ನೀವು ಇರ್ತೀರಲ್ಲ?" ಹಿಂದೆ ಸಾಲು ಬೆಳೆದಿತ್ತು. ಹಾಲು ತೆಗೆದುಕೊಂಡು ಹೊರಬಂದೆ.

ಇದನ್ನೆಲ್ಲ ಕಾಲೇಜಿನ ಹಳೆಯ ವಾಟ್ಸಾಪ್ ಗುಂಪಿನಲ್ಲಿ ಒಮ್ಮೆ ಬರೆದೆ. ಎಣ್ಣೆ ಒಂದು ಜೀವ ತೆಗೆಯುವುದರಲ್ಲಿತ್ತು ಎಂದು ಸ್ಪಷ್ಟವಾಗಿಯೇ ಬರೆದಿದ್ದೆ. ಎರಡೇ ದಿನದಲ್ಲಿ ಅದು ಬೇರೆ ಗುಂಪಿನಿಂದ ಸುತ್ತಿ ನನಗೇ ಮರಳಿ ಬಂತು: ಜಪಾನಿನಲ್ಲಿ ಕನ್ನಡತಿ ವೈದ್ಯೆ, ಬರೀ ನಾಡಿ ಹಿಡಿದು ಜೀವ ಉಳಿಸಿದ ಆಯುರ್ವೇದದ ಪವಾಡ. ಕೆಳಗೆ ಸಾಲು ಸಾಲು ಕೈಮುಗಿದ ಚಿತ್ರಗಳು. ಸೀರೆ ಉಡಿಸಿದವರೂ ನಮ್ಮವರೂ ಸೇರಿ ನನ್ನನ್ನು ಒಂದೇ ಚೌಕಟ್ಟಿನೊಳಗೆ ಕೂರಿಸಿದ್ದರು.

ಯಾರಿಗೆ ಅಭ್ಯಂಗ ಮಾಡಬಾರದು ಎಂಬುದನ್ನು ಓದದೆ ಆಯುರ್ವೇದದಲ್ಲಿ ಯಾರೂ ಪಾಸಾಗುವುದಿಲ್ಲ. ಆ 'ಮಾಡಬಾರದು' ಸಮುದ್ರ ದಾಟುವಾಗ ಎಲ್ಲೋ ಬಿದ್ದುಹೋಗಿ, ಎಣ್ಣೆ, ಹೂವು, ಹಿತ್ತಾಳೆ ಮಾತ್ರ ದಡ ಸೇರಿವೆ. ಆ ಕೆಲಸದಿಂದ ನಾನು ಕಲಿತದ್ದು ಇಷ್ಟೇ: ನನ್ನ ವಿದ್ಯೆಗೆ ಎಷ್ಟು ಗೌರವವಿದೆ ಎಂದು ಎದುರಿನವರು ಬಾಗುವುದನ್ನು ನೋಡಿ ಅಳೆಯಬಾರದು. ನಾನು ಬೇಡ ಎಂದಾಗ ಕೈ ನಿಲ್ಲುತ್ತದೆಯೇ ಎಂದು ನೋಡಬೇಕು. ನಿಲ್ಲದ ಕಡೆ ನಾನು ಮತ್ತೆ ಕೆಲಸಕ್ಕೆ ಸೇರಿಲ್ಲ. ಈಗ ನಿಶಿ ಕಸಾಯಿಯ ನಮ್ಮ ಮನೆಯಲ್ಲೇ ಮಕ್ಕಳಿಗೆ ಬಯಾಲಜಿ ಹೇಳಿಕೊಡುತ್ತೇನೆ.

ತೋಜಾಯ್ ಲೈನಿನ ರೈಲಿನಲ್ಲಿ ಕೂತರೆ ಎದುರು ಸೀಟಿನವರ ಮುಖ ನನಗೆ ಕಾಣುವುದೇ ಇಲ್ಲ. ಕಣ್ಣು ಕಾಲಿಗೆ ಹೋಗುತ್ತದೆ, ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ. ಎರಡೂ ಸಮ ಇದ್ದರೆ ಕಿಟಕಿಯತ್ತ ತಿರುಗುತ್ತೇನೆ. ಮುಂದಿನ ಸ್ಟೇಷನ್ನಿನಲ್ಲಿ ಇನ್ನೊಬ್ಬರು ಬಂದು ಕೂರುತ್ತಾರೆ.