ಅಂಟಿದ ರೀಲಿನ ಮುಂದೆ ಲೊರೇನ್

ಬೆಳಗಿನ ಐದು ಗಂಟೆ. ಇಟ್ಟಿಗೆಯ ಆ ಒಂಟಿ ಕೊಠಡಿಯ ಮುಂದೆ ನಿಂತು ಲೊರೇನ್ ಪಿಲ್‌ಬೀಮ್ ಮೊದಲು ತಮ್ಮ ಜೇಬುಗಳನ್ನು ತಡವಿಕೊಳ್ಳುತ್ತಾರೆ. ಮೊಬೈಲು ಆಚೆ ಕಪಾಟಿನಲ್ಲಿದೆ. ಬೆಂಕಿಪೊಟ್ಟಣ ಅವರ ಬಳಿ ಯಾವತ್ತೂ ಇದ್ದದ್ದಿಲ್ಲ, ಆದರೂ ತಡವುತ್ತಾರೆ. ನೈಲಾನ್ ಬಟ್ಟೆಯಿಂದ ಕಿಡಿ ಹಾರಬಹುದೆಂದು ಒಳಉಡುಪಿನವರೆಗೆ ಎಲ್ಲವೂ ಹತ್ತಿಯದೇ. ಗೋಡೆಯ ಥರ್ಮಾಮೀಟರು ಹದಿನೇಳು ಡಿಗ್ರಿ ತೋರಿಸುತ್ತಿದೆ. ಇಪ್ಪತ್ತೊಂದಕ್ಕೆ ಬಂದರೆ ಕೆಲಸ ನಿಲ್ಲಿಸಬೇಕು. ಈ ಜುಲೈ ಬಿಸಿಲಿಗೆ ಹತ್ತು ಗಂಟೆಯೊಳಗೆ ಅದು ಬಂದೇ ಬರುತ್ತದೆ.

ಮೇಜಿನ ಮೇಲೆ ತುಕ್ಕು ಹಿಡಿದ ತಗಡಿನ ಡಬ್ಬಿ. ಒಳಗೆ ನೂರು ವರ್ಷ ದಾಟಿದ ಫಿಲ್ಮಿನ ಸುರುಳಿ, ಅಂಟಂಟಾಗಿ ಬೆಲ್ಲದ ಉಂಡೆಯ ಹಾಗೆ ಕೂತಿದೆ. ಇದು ಹಳೆಯ ನೈಟ್ರೇಟ್ ಫಿಲ್ಮು. ಒಮ್ಮೆ ಹೊತ್ತಿಕೊಂಡರೆ ನೀರೊಳಗೂ ಉರಿಯುವ ಜಾತಿ. ಅದಕ್ಕೇ ಈ ಕೊಠಡಿಯನ್ನು ಚಿತ್ರಭಂಡಾರದ ಮುಖ್ಯ ಕಟ್ಟಡದಿಂದ ಇನ್ನೂರು ಹೆಜ್ಜೆ ದೂರ ಕಟ್ಟಿದ್ದಾರೆ. ಸಿಡಿದರೆ ಮೇಲಕ್ಕೆ ಹಾರಿಹೋಗಲೆಂದು ಚಾವಣಿ ಹಗುರ ಮಾಡಿದ್ದಾರೆ. ಒಳಗಿರುವವರು ಎಲ್ಲಿಗೆ ಹಾರಬೇಕು ಎಂಬುದನ್ನು ಮಾತ್ರ ಯಾರೂ ಬರೆದಿಟ್ಟಿಲ್ಲ.

ಲೊರೇನ್ ಕೈಯಲ್ಲಿರುವುದು ತೆಳ್ಳನೆಯ ಒಂದು ಎಲುಬಿನ ಪಟ್ಟಿ. ಅಜ್ಜಿಯ ಹಳೆಯ ಬಿಗಿಕುಪ್ಪಸದಿಂದ ಬಿಚ್ಚಿಟ್ಟುಕೊಂಡದ್ದು. ಲೋಹದ ಚಾಕು ಗೀರುತ್ತದೆ, ಪ್ಲಾಸ್ಟಿಕ್ಕು ಕಿಡಿ ಹಾರಿಸುತ್ತದೆ, ಎಲುಬು ಮಾತ್ರ ಹೇಳಿದ ಮಾತು ಕೇಳುತ್ತದೆ. ಸುರುಳಿಯ ಎರಡು ಪದರಗಳ ನಡುವೆ ಅದನ್ನು ತೂರಿಸಿ ಉಸಿರು ಬಿಗಿಹಿಡಿಯುತ್ತಾರೆ. ತುಸು ಹೆಚ್ಚು ಒತ್ತಿದರೆ ಚಿತ್ರ ಒಂದು ಕಡೆ, ಫಿಲ್ಮು ಇನ್ನೊಂದು ಕಡೆ. ಒಮ್ಮೆ ಕಿತ್ತು ಬಂದ ಮುಖವನ್ನು ಮತ್ತೆ ಅಂಟಿಸಲು ಯಾವ ದೇವರಿಗೂ ಆಗುವುದಿಲ್ಲ.

ಇವತ್ತು ಒಂಬತ್ತನೆಯ ದಿನ. ಇಷ್ಟು ಕೆಟ್ಟ ರೀಲನ್ನು ತಂಪುಕೋಣೆಯಿಂದ ಹೊರಗೆ ತೆಗೆದರೆ ಹತ್ತೇ ದಿನದ ಗಡುವು. ಆಮೇಲೆ ಉಳಿದದ್ದನ್ನು ನೀರಿನ ಪೀಪಾಯಿಯಲ್ಲಿಟ್ಟು ಸುಡಲು ಒಯ್ಯುತ್ತಾರೆ. ಲೊರೇನ್‌ಗೆ ಸಂಕಟ ಇದೊಂದೇ ಆಗಿದ್ದರೆ ಸಹಿಸಬಹುದಿತ್ತು. ಆದರೆ ಮೂರು ದಿನದಿಂದ ಅವರು ಒಂದು ವಿಷಯವನ್ನು ಬಿಸಿತುಪ್ಪದಂತೆ ಬಾಯಲ್ಲಿಟ್ಟುಕೊಂಡಿದ್ದಾರೆ, ಉಗುಳಲೂ ಆಗದು, ನುಂಗಲೂ ಆಗದು.

ಅದನ್ನು ಹೇಳಬೇಕಾದರೆ ಈ ಡಬ್ಬಿಯ ಕಥೆ ಹೇಳಬೇಕು. ದಕ್ಷಿಣ ಇಂಗ್ಲೆಂಡಿನ ಸಸೆಕ್ಸಿನ ಈ ಕಡಲತೀರದಲ್ಲಿ ಒಂದು ಕಾಲಕ್ಕೆ ಗಾಜಿನ ಚಾವಣಿಯ ಸ್ಟುಡಿಯೋ ಇತ್ತು. ಅಲ್ಲಿ 1921ರಲ್ಲಿ ‘ದೋಣಿಮನೆಯ ವಧು’ ಎಂಬ ಮೂಕಿಚಿತ್ರ ತೆಗೆದರು. ಅದರ ಮೂಲ ಕಾದಂಬರಿಯನ್ನು ಆಗ ರೈಲು ನಿಲ್ದಾಣದ ಅಂಗಡಿಗಳಲ್ಲಿ ಕಡಲೆಕಾಯಿಯಂತೆ ಮಾರುತ್ತಿದ್ದರಂತೆ. ಸಿನಿಮಾ ನೋಡಿ ಅರ್ಧ ಇಂಗ್ಲೆಂಡು ಅತ್ತಿತಂತೆ. ಮಾತಿನ ಚಿತ್ರಗಳು ಬಂದವು, ಮೂಕಿ ಯಾರಿಗೂ ಬೇಡವಾಯಿತು. ಏಳು ರೀಲುಗಳಲ್ಲಿ ಒಂದೂ ಉಳಿಯಲಿಲ್ಲ.

ಹೋದ ಮಾರ್ಚಿನಲ್ಲಿ ತೀರದ ಮೇಲಿನ ಒಂದು ಮನೆಯ ನೆಲ ಕಿತ್ತರು. ಹಳೆಯ ರೈಲುಡಬ್ಬಿಯನ್ನೇ ಮನೆ ಮಾಡಿಕೊಂಡದ್ದು. ನೆಲ ಓಲಾಡಬಾರದೆಂದು ಯಾವನೋ ಪುಣ್ಯಾತ್ಮ ಬಡಗಿ ಕೆಳಗೆ ಫಿಲ್ಮಿನ ಡಬ್ಬಿಗಳನ್ನು ಒತ್ತುಕೊಟ್ಟಿದ್ದ. ನಾಲ್ಕರಲ್ಲಿ ಬರೀ ಕಂದುಪುಡಿ. ಐದನೆಯದರ ಮೇಲೆ ಸಿನಿಮಾದ ಹೆಸರಿತ್ತು. ಭಂಡಾರದ ಮುಖ್ಯಸ್ಥ ರೂಪರ್ಟ್, ಮೂವತ್ತನಾಲ್ಕರ ಹುರುಪಿನವನು, ಅದೇ ವಾರ ಪತ್ರಿಕೆಗಳಿಗೆ ಹೇಳಿಬಿಟ್ಟ: ‘ಕಳೆದುಹೋದ ಪ್ರೇಮಕಥೆ ಸಿಕ್ಕಿದೆ.’ ಅಕ್ಟೋಬರಿಗೆ ಪ್ರದರ್ಶನ, ಮೂಕಿಯ ಜೊತೆಗೆ ನುಡಿಸಲು ಪಿಯಾನೋದವರಿಗೂ ಹೇಳಿಯಾಗಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ.

ಸುದ್ದಿ ಓದಿ ಮೇ ತಿಂಗಳಲ್ಲಿ ಎರಡು ಬಸ್ಸು ಬದಲಿಸಿ ಒಬ್ಬರು ಬಂದರು. ವಿಲ್ಫ್ರೆಡ್ ಟಪ್ಪೆನ್, ವಯಸ್ಸು ತೊಂಬತ್ತಮೂರು. ಅವರ ತಾಯಿ ಹೆಟ್ಟಿ ಮದುವೆಗೆ ಮುಂಚೆ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿದ್ದಳು. ಈ ಚಿತ್ರದಲ್ಲಿ ನಾಯಕಿಯ ಮನೆಗೆಲಸದವಳಾಗಿ ಒಂದು ದಿನ ನಟಿಸಿದ್ದಳಂತೆ. ವಿಲ್ಫ್ರೆಡ್‌ಗೆ ನಾಲ್ಕು ವರ್ಷವಿದ್ದಾಗ ತೀರಿಕೊಂಡಳು. ಉಳಿದಿರುವುದು ಮದುವೆಯ ಫೋಟೋ ಒಂದೇ, ಅದರಲ್ಲಿ ಟೋಪಿಯ ನೆರಳು ಬಿದ್ದು ಮುಖವೇ ಕಾಣುವುದಿಲ್ಲ.

“ಟೋಪಿ ಬೇಕಾದ್ರೆ ಎಲ್ಲಿ ಕಂಡ್ರೂ ಗುರುತು ಹಿಡೀತೀನಿ ಹುಡುಗೀ,” ಎಂದರಂತೆ ಅವರು, ಅರವತ್ತಮೂರರ ಲೊರೇನ್‌ಗೆ. “ಅಮ್ಮನ್ನ ಕಂಡ್ರೆ ಗುರುತು ಸಿಗಲ್ಲ.” ಹೇಳಿ ತಾವೇ ನಕ್ಕರು, ಬಾಯಿಗೆ ಅಂಗೈ ಅಡ್ಡ ಹಿಡಿದು. ಕಟ್ಟಿಸಿದ ಹಲ್ಲು ಹೊಳೆಯುತ್ತಿದ್ದರೂ ನಗುವಾಗ ಮುಚ್ಚಿಕೊಳ್ಳುವುದು ಅವರ ಅಭ್ಯಾಸ.

ಲೊರೇನ್ ಓದಿ ಪಾಸಾಗಿ ಈ ಕೆಲಸಕ್ಕೆ ಬಂದವರಲ್ಲ. ಬೇಕರಿಯಲ್ಲಿ ಕೇಕುಗಳ ಮೇಲೆ ಸಕ್ಕರೆಯ ಹೂ ಬಿಡಿಸುತ್ತಿದ್ದರು. ಬೇಕರಿ ಮುಚ್ಚಿದಾಗ ಇಲ್ಲಿಗೆ ಕಸ ಗುಡಿಸಲು ಸೇರಿದರು. ಒಂದು ದಿನ ಕಪಾಟಿನಿಂದ ಕೆಟ್ಟ ವಾಸನೆ ಬಂದು, ಯಾವ ಡಬ್ಬಿ ಕೊಳೆಯುತ್ತಿದೆ ಎಂದು ಮೂಗಿನಲ್ಲೇ ಪತ್ತೆ ಹಚ್ಚಿದರು. ಆಗಿನ ಮುಖ್ಯಸ್ಥರು ಪೊರಕೆ ಇಳಿಸಿ ಈ ಕುರ್ಚಿಯ ಮೇಲೆ ಕೂರಿಸಿದರು. ಆದದ್ದು ಮೂವತ್ತೊಂದು ವರ್ಷ. ಅಂಗೈ ಚರ್ಮ ಬಿರಿದಿದೆ, ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯುತ್ತದೆ. “ನಮ್ಮ ಯಜಮಾನರು ನನ್ನ ಕೋಟನ್ನ ಮನೆಯೊಳಗೆ ಬಿಡಲ್ಲ. ಹಳೇ ಕಾಲುಚೀಲದ ವಾಸ್ನೆ ಅಂತಾರೆ. ಅವರ ಕಾಲುಚೀಲ ಏನು ಮಲ್ಲಿಗೆಯಾ?” ಎಂದು ಕೇಳುತ್ತಾರೆ. ಇವರು ಬಿಡಿಸಿ ಉಳಿಸಿದ ಚಿತ್ರಗಳು ಇನ್ನೂರಕ್ಕೂ ಹೆಚ್ಚು. ಪರದೆಯ ಮೇಲೆ ಭಂಡಾರದ ಹೆಸರು ಬರುತ್ತದೆ, ಧನಸಹಾಯ ಕೊಟ್ಟವರ ಹೆಸರು ಬರುತ್ತದೆ. ಇವರದ್ದು ಒಮ್ಮೆಯೂ ಬಂದಿಲ್ಲ.

ಒಳ್ಳೆಯ ರೀಲಾದರೆ ದಿನಕ್ಕೆ ನಾನೂರು ಅಡಿ ಸಾಗುತ್ತದೆ. ಈ ಡಬ್ಬಿಯಲ್ಲಿ ಗಂಟೆಗೆ ಹತ್ತಡಿ ಬಿಡಿಸಿದರೆ ಹೆಚ್ಚು. ಮೂಕಿಚಿತ್ರದ ಲೆಕ್ಕದಲ್ಲಿ ಒಂದಡಿ ಎಂದರೆ ಪರದೆಯ ಮೇಲೆ ಒಂದು ಕ್ಷಣ, ಹದಿನಾರು ಪುಟ್ಟ ಚಿತ್ರ. ಬಿಡಿಸಿದ ತುಂಡನ್ನು ತಟ್ಟೆಯಲ್ಲಿಟ್ಟುಕೊಂಡು ಆ ಇನ್ನೂರು ಹೆಜ್ಜೆ ನಡೆದು, ಮುಖ್ಯ ಕಟ್ಟಡದಲ್ಲಿ ಒಂದೊಂದೇ ಚಿತ್ರವನ್ನು ನಕಲು ತೆಗೆಯಬೇಕು. “ಎಡವಿಬಿಟ್ರೆ ಅಂತ ಪ್ರತಿ ಸಲ ಹೆದರ್ತೀನಿ. ಮೂವತ್ತೊಂದು ವರ್ಷದಲ್ಲಿ ಎಡವಿಲ್ಲ, ಆದ್ರೂ ಹೆದರಿಕೆ ಕಮ್ಮಿ ಆಗಿಲ್ಲ.”

ಆರನೆಯ ದಿನ ಬೆಳಿಗ್ಗೆ ಸುರುಳಿಯಿಂದ ಒಂದು ಸ್ಲೇಟಿನ ಚಿತ್ರ ಹೊರಬಂತು. ದೃಶ್ಯದ ಸಂಖ್ಯೆ ಬರೆದು ಯಾರೋ ಕ್ಯಾಮೆರಾದ ಮುಂದೆ ಹಿಡಿದದ್ದು. ಅದರ ಮೇಲೆ ಸೀಮೆಸುಣ್ಣದ ದೊಡ್ಡ ಅಡ್ಡಗೀಟು. ಮುಂದಿನ ತುಂಡಿಗೂ ಸ್ಲೇಟು, ಅದಕ್ಕೂ ಗೀಟು. ಆ ಕಾಲದಲ್ಲಿ ಅಡ್ಡಗೀಟು ಹಾಕಿದರೆ ‘ಇದು ಕೆಟ್ಟಿದೆ, ಬೇಡ’ ಎಂದರ್ಥ. ಒಳಗಿರುವುದು ‘ದೋಣಿಮನೆಯ ವಧು’ ಅಲ್ಲ. ಅದನ್ನು ತೆಗೆಯುವಾಗ ಹಾಳಾಗಿ ಬಿಸಾಡಿದ ಚೂರುಗಳು. ಬಡಗಿಗೆ ನೆಲಕ್ಕೆ ಒತ್ತುಕೊಡಲು ಸ್ಟುಡಿಯೋದವರು ಕಸವಲ್ಲದೆ ಸಿನಿಮಾ ಕೊಟ್ಟಾರೆಯೇ?

ರೂಪರ್ಟ್‌ಗೆ ಹೇಳಿದರೆ ಅವನು ಅವತ್ತೇ ಕೆಲಸ ನಿಲ್ಲಿಸುತ್ತಾನೆ. ಕಸಕ್ಕಾಗಿ ಬೆಂಕಿಯ ಅಪಾಯ ತೆಗೆದುಕೊಳ್ಳಬಾರದು ಎಂಬುದು ನಿಯಮ. ಆದರೆ ಹೆಟ್ಟಿ ಈ ಕಸದಲ್ಲೂ ಇರಬಹುದಲ್ಲ? ಇರದೆಯೂ ಹೋಗಬಹುದು. ಲೊರೇನ್ ಬಾಯಿಗೆ ಬೀಗ ಹಾಕಿಕೊಂಡರು. ಅವತ್ತಿನಿಂದ ನಿದ್ದೆ ಹತ್ತಿಲ್ಲ.

ವಿಲ್ಫ್ರೆಡ್ ದಿನವೂ ಮಧ್ಯಾಹ್ನ ಹನ್ನೆರಡಕ್ಕೆ ಫೋನು ಮಾಡುತ್ತಾರೆ. ಮೊದಲು ಬಿಸಿಲಿನ ಮಾತು, ಅವರ ಟೊಮೇಟೊ ಗಿಡದ ಮಾತು. ಆಮೇಲೆ ಯಾವುದೋ ನೆನಪಾದವರಂತೆ, “ಅಂದ ಹಾಗೆ ಹುಡುಗೀ, ನಮ್ಮಮ್ಮ ಕೆಲಸಕ್ಕೆ ಬಂದಳಾ?”

“ಇನ್ನೂ ಇಲ್ಲ, ಮಿಸ್ಟರ್ ಟಪ್ಪೆನ್.”

“ತಡ ಮಾಡ್ತಾಳೆ ನೋಡು. ಸಂಬಳ ಹಿಡೀಬೇಕು.” ನಗುತ್ತಾರೆ, ಕೆಮ್ಮುತ್ತಾರೆ. ಕೆಮ್ಮು ಈಚೆಗೆ ಬೇಗ ನಿಲ್ಲುತ್ತಿಲ್ಲ. ಫೋನಿಟ್ಟ ಮೇಲೆ ಲೊರೇನ್ ಚಹಾ ಮುಂದಿಟ್ಟುಕೊಂಡು ಕೂರುತ್ತಾರೆ, ಅದು ಆರಿ ತಣ್ಣಗಾಗುತ್ತದೆ.

ಒಂಬತ್ತನೆಯ ದಿನ, ಅಂದರೆ ಇವತ್ತು, ಥರ್ಮಾಮೀಟರು ಒಂಬತ್ತೂವರೆಗೇ ಇಪ್ಪತ್ತೊಂದು ಮುಟ್ಟುತ್ತದೆ. ಸುರುಳಿ ಇನ್ನೂ ಮುಷ್ಟಿಗಾತ್ರ ಉಳಿದಿದೆ. ಲೊರೇನ್ ಕೈಗವಸು ಕಳಚಿ, ನೆಟ್ಟಗೆ ರೂಪರ್ಟ್‌ನ ಕೋಣೆಗೆ ಹೋಗಿ ಕಡ್ಡಿ ಮುರಿದಂತೆ ಹೇಳಿಬಿಡುತ್ತಾರೆ. ಮೂರು ದಿನ ಮುಚ್ಚಿಟ್ಟದ್ದನ್ನೂ ಹೇಳುತ್ತಾರೆ.

ರೂಪರ್ಟ್ ಕುರ್ಚಿಯಿಂದ ಎದ್ದೇಬಿಡುತ್ತಾನೆ. “ಪೇಪರ್‌ನೋರಿಗೆಲ್ಲ ಹೇಳಿಬಿಟ್ಟಿದ್ದೀನಲ್ಲ ಲೊರೇನ್! ಈಗ ನಾನೇನು ಕಸ ತೋರಿಸ್ಲಾ?”

“ನಿನ್ನ ಮಾನ ಹೆಂಗಾದ್ರೂ ಉಳಿಯತ್ತೆ ಮರಿ, ನೀನಿನ್ನೂ ಚಿಕ್ಕವನು. ನನಗೆ ನಾಳೆ ಬೆಳಗಿನ ಹೊತ್ತು ಬೇಕು.”

“ಯಾಕೆ? ನಿಯಮ ನೀವೇ ನನಗೆ ಹೇಳಿಕೊಟ್ಟಿದ್ದು. ಕಸ ಅಂತ ಗೊತ್ತಾದ್ಮೇಲೆ ಮುಟ್ಟೋ ಹಾಗಿಲ್ಲ.”

“ಅದರೊಳಗೆ ಒಬ್ಬರ ಅಮ್ಮ ಇದಾಳೆ.” ಲೊರೇನ್ ತಾವೇ ತಿದ್ದಿಕೊಳ್ಳುತ್ತಾರೆ. “ಇರಬಹುದು.”

ಅವನು ಮೇಜಿನ ಮೇಲಿನ ಪತ್ರಿಕೆ ಮಡಚಿ ಪಕ್ಕಕ್ಕಿಡುತ್ತಾನೆ. “ಒಂಬತ್ತು ಗಂಟೆವರೆಗೆ. ಒಂದು ನಿಮಿಷ ಹೆಚ್ಚಿಲ್ಲ. ಬಾಗಿಲಾಚೆ ನಾನೇ ನಿಂತಿರ್ತೀನಿ.”

ಹತ್ತನೆಯ ಬೆಳಿಗ್ಗೆ ಐದಕ್ಕೇ ಹತ್ತೊಂಬತ್ತು ಡಿಗ್ರಿ. ಗಾಳಿಯೇ ಇಲ್ಲ. ಮೊದಲ ಪದರ ಎತ್ತುವಾಗಲೇ ಚಿತ್ರ ಕಿತ್ತು ಎಲುಬಿಗೆ ಅಂಟಿ ಬರುತ್ತದೆ. ಎರಡು ಅಡಿ ಹೋಯಿತು. ಅದರಲ್ಲಿ ಯಾರಿದ್ದರು ಎಂದು ಇನ್ನು ಯಾರಿಗೂ ತಿಳಿಯುವುದಿಲ್ಲ. ಲೊರೇನ್ ಎಲುಬನ್ನು ಕೆಳಗಿಡುತ್ತಾರೆ. ಬೇಕರಿಯಲ್ಲಿ ಕಲಿತದ್ದು ಇಲ್ಲಿಗೂ ಬರುತ್ತದೆ: ಕೈ ನಡುಗಿದರೆ ಹೂ ಬಿಡಿಸಬಾರದು, ಕೈಯನ್ನು ತಣ್ಣೀರಲ್ಲಿ ಅದ್ದಿ ನೂರು ಎಣಿಸಬೇಕು. ಎಣಿಸುತ್ತಾರೆ. ಹೊರಗೆ ರೂಪರ್ಟ್ ಅತ್ತಿಂದಿತ್ತ ನಡೆಯುವ ಸದ್ದು ಕೇಳುತ್ತಿದೆ.

ಆರೂವರೆಗೆ ಇನ್ನೊಂದು ಸ್ಲೇಟು, ಇನ್ನೊಂದು ಅಡ್ಡಗೀಟು. ಆಮೇಲೆ ಒಂದು ಬಾಗಿಲು, ಬಾಗಿಲಲ್ಲಿ ಬಿಳಿಯ ಏಪ್ರನ್ ಕಟ್ಟಿಕೊಂಡ ಹುಡುಗಿ, ಕೈಯಲ್ಲಿ ಚಹಾದ ತಟ್ಟೆ. ನೆಗೆಟಿವ್ ಆದ್ದರಿಂದ ಏಪ್ರನ್ ಕಪ್ಪಗೆ, ಅವಳ ಕಪ್ಪು ಕೂದಲು ಮುದುಕಿಯ ಕೂದಲಿನಂತೆ ಬೆಳ್ಳಗೆ ಕಾಣುತ್ತದೆ. ಲೊರೇನ್ ಭೂತಗನ್ನಡಿ ಹಿಡಿದು ಒಂದೊಂದೇ ಚಿತ್ರ ನೋಡುತ್ತಾರೆ. ಹುಡುಗಿ ಎರಡು ಹೆಜ್ಜೆ ಇಡುತ್ತಾಳೆ. ಲಂಗದ ಅಂಚು ತುಳಿದು ಎಡವುತ್ತಾಳೆ. ಬಟ್ಟಲು ಉರುಳುತ್ತದೆ. ಮೂಕಿಚಿತ್ರದಲ್ಲಿ ಯಾರೂ ಮಾಡಬಾರದ ತಪ್ಪನ್ನು ಮಾಡುತ್ತಾಳೆ, ತಲೆಯೆತ್ತಿ ನೇರ ಕ್ಯಾಮೆರಾದೊಳಕ್ಕೇ ನೋಡಿಬಿಡುತ್ತಾಳೆ. ನಗು ತಡೆಯಲಾರದೆ ಬಾಯಿಗೆ ಅಂಗೈ ಅಡ್ಡ ಹಿಡಿಯುತ್ತಾಳೆ.

ಆ ಅಂಗೈಯನ್ನು ಲೊರೇನ್ ಮೇ ತಿಂಗಳಲ್ಲೇ ನೋಡಿದ್ದಾರೆ. “ರೂಪರ್ಟ್!” ಎಂದು ಕೂಗುತ್ತಾರೆ. “ಬಾಗಿಲು ತೆಗೆದು ಹಿಡ್ಕೊ. ದಾರೀಲಿ ಒಂದು ಕಲ್ಲೂ ಇರಬಾರದು.”

ತಟ್ಟೆ ಹಿಡಿದು ನಡೆಯುವ ಇನ್ನೂರು ಹೆಜ್ಜೆಯೂ ರೂಪರ್ಟ್ ಅವರ ಮುಂದೆ ಹಿಂದುಹಿಂದಕ್ಕೆ ನಡೆಯುತ್ತಾನೆ, ಮಗುವಿಗೆ ನಡಿಗೆ ಕಲಿಸುವವನ ಹಾಗೆ ಎರಡೂ ಕೈ ಚಾಚಿಕೊಂಡು. ಒಟ್ಟು ಹದಿಮೂರು ಅಡಿ. ನಕಲು ತೆಗೆದು ಮುಗಿಯುವ ಹೊತ್ತಿಗೆ ಒಂಬತ್ತಕ್ಕೆ ಐದು ನಿಮಿಷ. ಮಧ್ಯಾಹ್ನ ಉಳಿದ ಸುರುಳಿಯನ್ನೂ ಡಬ್ಬಿಯನ್ನೂ ಸುಡಲು ಒಯ್ಯುತ್ತಾರೆ. ಅಕ್ಟೋಬರಿನ ಪ್ರದರ್ಶನ ರದ್ದಾಗುತ್ತದೆ.

ಹನ್ನೆರಡಕ್ಕೆ ಫೋನು ಬರುತ್ತದೆ. ಬಿಸಿಲಿನ ಮಾತು ಶುರುವಾಗುವ ಮುಂಚೆಯೇ ಲೊರೇನ್ ಹೇಳುತ್ತಾರೆ: “ಬಂದ್ರು, ಮಿಸ್ಟರ್ ಟಪ್ಪೆನ್. ತಡವಾಗಿ ಬಂದ್ರು, ಬಂದು ಬಟ್ಟಲೂ ಬೀಳಿಸಿದ್ರು.”

ಮರುವಾರ ಬಸ್ಸಿಗೆ ಬಿಡದೆ ರೂಪರ್ಟ್ ತಾನೇ ಕಾರಿನಲ್ಲಿ ಅವರನ್ನು ಕರೆತರುತ್ತಾನೆ. ಸಣ್ಣ ಕೋಣೆ, ಮೂರು ಕುರ್ಚಿ. ಹದಿಮೂರು ಕ್ಷಣದಲ್ಲಿ ಮುಗಿಯುತ್ತದೆ. “ಇನ್ನೊಂದು ಸಲ,” ಎನ್ನುತ್ತಾರೆ ವಿಲ್ಫ್ರೆಡ್. ಹನ್ನೊಂದು ಸಲ ನೋಡುತ್ತಾರೆ. ಪರದೆಯ ಮೇಲೆ ಅವಳು ಕೈ ಅಡ್ಡ ಹಿಡಿದಾಗಲೆಲ್ಲ ಕುರ್ಚಿಯಲ್ಲಿ ಇವರ ಕೈಯೂ ಬಾಯಿಗೆ ಹೋಗುತ್ತದೆ. ಅದು ಅವರಿಗೆ ಗೊತ್ತಾಗುವುದೇ ಇಲ್ಲ. “ನನ್ನನ್ನೇ ನೋಡ್ತಾಳೆ ಕಣೇ,” ಎಂದು ಕೊನೆಗೆ ಹೇಳುತ್ತಾರೆ. “ಮತ್ಯಾರನ್ನೂ ಅಲ್ಲ.”

ನಿಮಗೇನು ಆಸೆ ಎಂದು ಕೇಳಿದರೆ ಲೊರೇನ್ ನಾಚುತ್ತಾರೆ. ಹೆಸರು ಬರಬೇಕೆಂದಿಲ್ಲವಂತೆ. ಕೊಠಡಿಗೆ ಒಂದು ಒಳ್ಳೆಯ ಕುರ್ಚಿ ಸಿಕ್ಕರೆ ಸಾಕಂತೆ, ಬೆನ್ನು ಹಿಡಿಯುತ್ತದೆ. ಆಮೇಲೆ ಎದ್ದು ತಂಪುಕೋಣೆಯಿಂದ ಹೊಸ ಡಬ್ಬಿಯೊಂದನ್ನು ತಂದು, ತಾವೇ ಅಂಟಿಸಿದ ಚೀಟಿ ತೋರಿಸುತ್ತಾರೆ. ಸಿನಿಮಾದ ಹೆಸರು ಬರೆಯುವ ಸಾಲಿನಲ್ಲಿ ‘ಹೆಟ್ಟಿ’ ಎಂದಿದೆ. ಉದ್ದ: ಹದಿಮೂರು ಅಡಿ. ಗುಣಮಟ್ಟ ಎಂಬ ಸಾಲಿನಲ್ಲಿ, ನೂರು ವರ್ಷದ ಹಿಂದೆ ಯಾರೋ ಅಡ್ಡಗೀಟು ಎಳೆದಿದ್ದಕ್ಕೆ ಉತ್ತರವೆಂಬಂತೆ, ಪೆನ್ಸಿಲ್ಲಿನಲ್ಲಿ ಒತ್ತಿ ಬರೆದಿದ್ದಾರೆ: ‘ಚೆನ್ನಾಗಿದೆ.’