ತಕ್ಕಡಿ ಸಾಹೇಬರು ಕೈ ತೋರಿಸಿದ ದೋಣಿ

ಮೂವತ್ತೊಂದು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ದುಡಿದ ಮನುಷ್ಯನ ಕಣ್ಣಿಗೆ ಜಗತ್ತು ಹೇಗೆ ಕಾಣುತ್ತದೆ ಎಂದು ತಿಳಿಯಬೇಕಾದರೆ ತಕ್ಕಡಿ ಸಾಹೇಬರ ಪಕ್ಕ ಅರ್ಧ ಗಂಟೆ ಕೂತರೆ ಸಾಕು. ತೂಕದ ಕಲ್ಲಿನ ತಳ ಕೊರೆದವರು, ತಟ್ಟೆಯಡಿ ಅಯಸ್ಕಾಂತ ಅಂಟಿಸಿದವರು, ತೂಗುವಾಗ ಕಿರುಬೆರಳು ತಾಗಿಸುವವರು, ಹೀಗೆ ಸಾವಿರ ಜನರನ್ನು ಅವರು ಹಿಡಿದಿದ್ದರು. ಹಿಡಿದಾಗ ಮೊದಲು ಮಾಡಿಸುತ್ತಿದ್ದ ಕೆಲಸ ಒಂದೇ. ಅಂಗಡಿಯವನು ತನ್ನ ಕಳ್ಳ ಕಲ್ಲನ್ನು ಗಿರಾಕಿಗಳ ಎದುರೇ ಸರ್ಕಾರಿ ತಕ್ಕಡಿಯಲ್ಲಿಟ್ಟು, ಎಷ್ಟು ಕಡಿಮೆ, ಎಷ್ಟು ದಿನದಿಂದ ಎಂದು ತನ್ನ ಬಾಯಿಂದಲೇ ಓದಿ ಹೇಳಬೇಕು. ದಂಡಕ್ಕಿಂತ ಅದೇ ಅವರಿಗೆ ಹೆಚ್ಚು ಉರಿಯುತ್ತದೆ ಎಂದು ಸಾಹೇಬರು ಖುಷಿಯಿಂದ ಹೇಳಿಕೊಳ್ಳುತ್ತಿದ್ದರು.

ನಿವೃತ್ತಿಯಾದರೂ ಚಟ ಬಿಡಲಿಲ್ಲ. ಮನೆಗೆ ಗ್ಯಾಸ್ ಸಿಲಿಂಡರ್ ಬಂದರೆ ತಂದವನನ್ನು ನಿಲ್ಲಿಸಿಕೊಂಡೇ ತೂಗುತ್ತಿದ್ದರು. ಸೋಪಿನ ಪುಡಿಯ ಪೊಟ್ಟಣವನ್ನು ಅಂಗೈಯಲ್ಲಿ ಹಾರಿಸಿ ಹಿಡಿದು ಹತ್ತು ಗ್ರಾಂ ಕಡಿಮೆ ಎನ್ನುತ್ತಿದ್ದರು. ನನ್ನನ್ನು ಮದುವೆಯಾಗುವ ಮೊದಲು ತೂಗದೇ ಬಿಟ್ಟದ್ದೊಂದು ಇವರ ಜೀವನದ ದೊಡ್ಡ ಅಜಾಗರೂಕತೆ ಎಂದು ಅವರ ಹೆಂಡತಿ ನೆಂಟರ ಮುಂದೆ ಹೇಳಿ ನಗುತ್ತಿದ್ದರು.

ಇಂಥವರನ್ನು ನದಿ ದಡದ ದೋಣಿ ಕ್ಲಬ್ಬಿನವರು ಬಿಟ್ಟಾರೆಯೇ? ದೋಣಿ ತೂಗುವ ಕೆಲಸವನ್ನು ಅವರಿಗೇ ಒಪ್ಪಿಸಿದರು. ಕ್ಲಬ್ಬೆಂದರೆ ತಗಡಿನ ಒಂದು ಶೆಡ್ಡು, ಸವೆದ ಮರದ ಕಟ್ಟೆ, ಒಬ್ಬೊಬ್ಬರೇ ಕೂತು ನಡೆಸುವ ಹದಿನಾಲ್ಕು ಹಾಯಿದೋಣಿ, ಅಷ್ಟೇ. ಪ್ರತಿ ಭಾನುವಾರ ಬೆಳಗ್ಗೆ ಪಂದ್ಯ. ಎಲ್ಲ ದೋಣಿಗೂ ಎಂಬತ್ತು ಕಿಲೋ ತೂಕ ಇರಲೇಬೇಕು, ಕಡಿಮೆ ಇದ್ದವರು ಅಷ್ಟು ಸೀಸದ ತುಂಡನ್ನು ಸೀಟಿನಡಿ ಸ್ಕ್ರೂ ಹಾಕಿ ಬಿಗಿದುಕೊಳ್ಳಬೇಕು. ದೋಣಿ ಕ್ಲಬ್ಬಿಗೆ ಬಂದ ದಿನ ಒಮ್ಮೆ ತೂಗಿದರೆ ಮುಗಿಯಿತು. ಆದರೆ ಹಂಗಾಮಿನ ಕೊನೆಯ ಪಂದ್ಯವಾದ ಮೇಲೆ ತೂಕದವರು ತಮಗೆ ಬೇಕಾದ ಒಂದು ದೋಣಿಗೆ ಕೈ ತೋರಿಸಬಹುದು, ಅದನ್ನು ಎಲ್ಲರೆದುರು ಮತ್ತೆ ತೂಗುತ್ತಾರೆ. ಅದು ಸಾಮಾನ್ಯವಾಗಿ ನಗೆಚಾಟಿಕೆಯ ಹೊತ್ತು. ಹೋದ ವರ್ಷ ಸಾಹೇಬರು ಕ್ಲಬ್ಬಿನ ಅಧ್ಯಕ್ಷರಾದ ಹಲ್ಲಿನ ಡಾಕ್ಟರ ದೋಣಿಗೆ ಕೈ ತೋರಿಸಿದಾಗ, ಡಾಕ್ಟರು ದೋಣಿಯ ಬದಲು ತಾವೇ ತಕ್ಕಡಿಯ ಕೊಕ್ಕೆ ಹಿಡಿದು ಜೋತಾಡಿದ್ದರು.

ಈ ವರ್ಷ ಮಾತ್ರ ಸಾಹೇಬರಿಗೆ ನಗು ಬರುತ್ತಿರಲಿಲ್ಲ. ಕಾರಣ ಅವರ ಬಾಮೈದ.

ಬಾಮೈದ, ಅಂದರೆ ಹೆಂಡತಿಯ ತಮ್ಮ, ಪಾರ್ಸೆಲ್ ಗೋದಾಮಿನಲ್ಲಿ ಕೆಲಸಕ್ಕಿದ್ದ. ಆರು ವರ್ಷದ ಹಿಂದೆ ಹಳೆಯ ದೋಣಿಯೊಂದನ್ನು ಕೊಂಡು ಕ್ಲಬ್ಬು ಸೇರಿದ. ಸ್ವಂತ ಬಾಮೈದನೆಂದು ಯಾರೂ ಬಾಯಿ ಬಿಡಬಾರದು ಎಂಬ ಹಟಕ್ಕೆ ಬಿದ್ದು ಸಾಹೇಬರು ಅಂದು ಬೆಳಗ್ಗೆಯೇ ಅವನ ದೋಣಿಯನ್ನು ಸುಲಿದುಬಿಟ್ಟಿದ್ದರು. ಪಟ, ಕಂಬ, ಹಗ್ಗ, ಚುಕ್ಕಾಣಿ, ನಡುವಿನ ಸೀಳಿನಿಂದ ನೀರಿಗಿಳಿಸುವ ಕಬ್ಬಿಣದ ಹಲಗೆ, ನೀರು ಎತ್ತುವ ಡಬ್ಬಿ, ಕೊನೆಗೆ ಸೀಟಿನ ಮೆತ್ತೆ, ಎಲ್ಲವೂ ಹೊರಗೆ. ತೂಗಿದರೆ ಎಂಟು ಕಿಲೋ ಕಡಿಮೆ. ಎಂಟು ಕಿಲೋ ಸೀಸ ಹೊಡೆಸಿ ಚೀಟಿ ಬರೆದುಕೊಟ್ಟರು. ಬಾಮೈದ ಚೀಟಿ ಮಡಚಿ ಜೇಬಿಗಿಟ್ಟುಕೊಂಡ. ಆಮೇಲೆ ಆರು ವರ್ಷವೂ ಅವನಿಗೆ ಕೊನೆಯ ಸ್ಥಾನ, ಅದೃಷ್ಟ ಚೆನ್ನಾಗಿದ್ದರೆ ಕೊನೆಯಿಂದ ಎರಡನೆಯದು. ಅವನು ಬರುವ ಹೊತ್ತಿಗೆ ಕಟ್ಟೆಯ ಮೇಲಿನ ಕಾಫಿ ಆರಿರುತ್ತದೆಂದು ಎಲ್ಲರೂ ಹಾಸ್ಯ ಮಾಡುತ್ತಿದ್ದರು. ಅವನೂ ನಗುತ್ತಿದ್ದ.

ಹೀಗಿದ್ದವನು ಈ ಹಂಗಾಮಿನ ಕೊನೆಯಲ್ಲಿ ಗೆಲ್ಲತೊಡಗಿದ. ನದಿ ಇಳಿದು ದಡದ ಕೆಸರು ಕಾಣುವ ಕಾಲ, ಎಲೆಗಳು ನೀರಿನ ಮೇಲೆ ಸುಮ್ಮನೆ ನಿಂತಿರುವಷ್ಟು ಕುಂಟು ಗಾಳಿ. ಅಂಥ ಗಾಳಿಯಲ್ಲಿ ಒಂದೊಂದು ಕಿಲೋವೂ ಲೆಕ್ಕಕ್ಕೆ ಬರುತ್ತದೆ. ಒಂದು ಭಾನುವಾರ ಮೂರನೆಯವನಾಗಿ ಬಂದ. ಮುಂದಿನ ಭಾನುವಾರ ಮೊದಲನೆಯವನು, ಅದರ ಮುಂದೆ ಮತ್ತೆ ಮೊದಲನೆಯವನು. ಎಲ್ಲರೂ ಬೆನ್ನು ತಟ್ಟಿದರು. ಸಾಹೇಬರು ತಟ್ಟಲಿಲ್ಲ. ಅವರು ದೋಣಿಯ ಪಕ್ಕೆಯನ್ನು ನೋಡುತ್ತಿದ್ದರು. ಹಳೆಯ ಪಾಚಿಯ ಗೆರೆಗಿಂತ ಒಂದು ನೂಲಿನಷ್ಟು ಮೇಲೆದ್ದು ತೇಲುತ್ತಿತ್ತು ಅದು.

ತಲೆಯೊಳಗೆ ಹುಳ ಹೊಕ್ಕಿತು. ಹೊಕ್ಕ ಮೇಲೆ ಕಂಡದ್ದೆಲ್ಲ ಸಾಕ್ಷಿಯೇ. ಮೊದಲೆಲ್ಲ ದೋಣಿಯನ್ನು ಬಯಲಿಗೆ ಬಿಟ್ಟು ಹೋಗುತ್ತಿದ್ದ ಬಾಮೈದ ಈಗ ಟಾರ್ಪಾಲು ಹೊದಿಸಿ ನಾಲ್ಕು ಗಂಟು ಹಾಕುತ್ತಿದ್ದ. ಭಾವ ಹತ್ತಿರ ಬಂದರೆ ಮಾತು ಬದಲಿಸುತ್ತಿದ್ದ. ಮನೆಯಲ್ಲಿ ಹೆಂಡತಿ ಫೋನಿನಲ್ಲಿ ತಮ್ಮನ ಜೊತೆ ಮಾತಾಡುವಾಗ ಗಂಡನ ಚಪ್ಪಲಿ ಸದ್ದು ಕೇಳಿದರೆ ದನಿ ತಗ್ಗಿಸಿ, ಆಮೇಲೆ ಮಾಡ್ತೀನಿ ಇಡು, ಎನ್ನುತ್ತಿದ್ದರು. ಯಾರದು ಎಂದರೆ ಯಾರದೂ ಅಲ್ಲ. ಆ ಯೋಚನೆಯಲ್ಲೇ ಸಾಹೇಬರು ಹಿತ್ತಿಲಿಗೆ ಹೋಗುವಾಗ ಬಾಗಿಲಿಗೆ ಒತ್ತಾಗಿ ಇಟ್ಟಿದ್ದ ಗೋಣಿಯ ಗಂಟೊಂದನ್ನು ಎಡವಿ ಹೆಬ್ಬೆರಳು ಜಜ್ಜಿಕೊಂಡರು. ಇದೇನು ಕರ್ಮ ಎಂದದ್ದಕ್ಕೆ, ಬಾಗಿಲು ಗಾಳಿಗೆ ಬಡಿದುಕೊಳ್ಳುತ್ತದೆಂದು ತಮ್ಮ ತಂದಿಟ್ಟದ್ದು, ಬಂದು ಎರಡು ತಿಂಗಳಾಯಿತು, ನಿಮಗೆ ಇವತ್ತು ಕಂಡಿತೇ ಎಂದರು ಹೆಂಡತಿ. ಸಾಹೇಬರು ಬೆರಳು ನೀವಿಕೊಂಡು ಮುಂದೆ ಹೋದರು. ಅವರ ತಲೆಯ ತುಂಬ ಟಾರ್ಪಾಲಿನ ನಾಲ್ಕು ಗಂಟು ಇತ್ತು.

ಕೊನೆಯ ಪಂದ್ಯದ ಹಿಂದಿನ ದಿನ ಶೆಡ್ಡಿನಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಟಾರ್ಪಾಲಿನ ಗಂಟು ಬಿಚ್ಚಿಯೇಬಿಟ್ಟರು. ಸೀಟಿನಡಿ ಕೈ ತೂರಿಸಿದರೆ ಸೀಸ ಇಲ್ಲ. ಸ್ಕ್ರೂ ಇದ್ದ ಆರು ತೂತಿಗೂ ಮರದ ಪುಡಿ ಮೆತ್ತಿ, ಉಜ್ಜಿ, ವಾರ್ನಿಷು ಬಳಿದಿತ್ತು. ಎಷ್ಟು ನಾಜೂಕಾದ ಕೆಲಸವೆಂದರೆ, ಅದನ್ನು ಕಂಡು ಸಾಹೇಬರಿಗೆ ಒಂದು ಕ್ಷಣ ಮೆಚ್ಚುಗೆಯಾಯಿತು, ಮರುಕ್ಷಣ ಟಾರ್ಪಾಲನ್ನು ಎಳೆದು ಮೊದಲಿನಂತೆ ನಾಲ್ಕು ಗಂಟು ಬಿಗಿದರು. ಎತ್ತಿ ಆಡಿಸಿದ ಹುಡುಗ. ಹೆಂಡತಿಯ ಒಬ್ಬನೇ ತಮ್ಮ.

ಕೈ ತೋರಿಸಿದರೆ ಆಗುವುದು ಅವರಿಗೆ ಗೊತ್ತಿತ್ತು. ಗೆಲುವುಗಳೆಲ್ಲ ರದ್ದಾಗಿ ಅವನನ್ನು ಕ್ಲಬ್ಬಿನಿಂದ ಹೊರಗೆ ಹಾಕುತ್ತಾರೆ, ಮನೆಯಲ್ಲಿ ಅಕ್ಕ ತಮ್ಮನ ಮುಖ ಹೇಗೆ ನೋಡಬೇಕು, ಗಂಡನ ಮುಖ ಹೇಗೆ ನೋಡಬೇಕು? ತೋರಿಸದಿದ್ದರೆ, ಮೂವತ್ತೊಂದು ವರ್ಷ ಪರರ ಕಲ್ಲನ್ನು ತೂಗಿದವರು ತಮ್ಮ ಮನೆಯ ಕಲ್ಲನ್ನು ಮುಚ್ಚಿಟ್ಟಂತೆ. ಊಟಕ್ಕೆ ಕೂತಾಗ ಹೆಂಡತಿಯನ್ನು ಮೆಲ್ಲಗೆ ಕೆದಕಿದರು. ನಿನ್ನ ತಮ್ಮ ಏನಾದರೂ ಹೇಳಿದ್ದಾನೆಯೇ?

"ಅವನನ್ನೇ ಕೇಳಿ," ಎಂದರು ಹೆಂಡತಿ. "ಅನುಮಾನ ಪಡೋದು ಬಿಟ್ಟು ಒಂದ್ಸಲ ಬಾಯಿ ಬಿಟ್ಟು ಕೇಳಿ ನೋಡಿ."

ಕೇಳುವುದೇ? ಕಳ್ಳನನ್ನು ಕೇಳಿದರೆ ಎಚ್ಚರಿಸಿದಂತೆ ಎಂಬುದು ಇಲಾಖೆಯಲ್ಲಿ ಕಲಿತ ಮೊದಲ ಪಾಠ. ಸಾಹೇಬರು ಕೇಳಲಿಲ್ಲ.

ಭಾನುವಾರ ಚಳಿ ಬಿಡುವ ಹೊತ್ತಿಗೆ ಪಂದ್ಯ ಶುರುವಾಯಿತು. ನದಿಯ ಮೇಲೆ ಗಾಳಿ ಅಲ್ಲೊಂದು ತುಣುಕು ಇಲ್ಲೊಂದು ತುಣುಕು. ಪಟಗಳು ಜೋತುಬಿದ್ದಿದ್ದವು. ಬಾಮೈದ ಅಲುಗಾಡದೆ ಕೂತು, ಆಚೆ ದಡದ ಜೊಂಡು ಬಾಗುವುದನ್ನೇ ಕಾಯುತ್ತಿದ್ದು, ಅದು ಬಾಗಿದ್ದೇ ದೋಣಿಯನ್ನು ಅತ್ತ ತಿರುಗಿಸಿದ. ಉಳಿದವರು ನದಿಯ ನಡುವೆ ಹಗ್ಗ ಎಳೆದಾಡುತ್ತಿರುವಾಗಲೇ ಅವನು ಗುರಿಯಾಗಿ ತೇಲಿಬಿಟ್ಟಿದ್ದ ಡಬ್ಬಿ ಸುತ್ತಿ ಕಟ್ಟೆಗೆ ಬಂದಾಗಿತ್ತು. ಒಳ್ಳೆಯ ಆಟವೇ. ಅದನ್ನು ಸಾಹೇಬರ ಕಣ್ಣು ಕಂಡಿತು, ಮನಸ್ಸು ಒಪ್ಪಲಿಲ್ಲ.

ಡಾಕ್ಟರು ಎಂದಿನಂತೆ ನಗುತ್ತಾ, ತಕ್ಕಡಿ ಸಾಹೇಬರು ಈ ಸಲ ಯಾರ ಹೊಟ್ಟೆಗೆ ಕೈ ಹಾಕುತ್ತಾರೋ ಎಂದರು. ಸಾಹೇಬರು ಬಾಮೈದನ ದೋಣಿಗೆ ಕೈ ತೋರಿಸಿದರು. ಕಟ್ಟೆಯ ಮೇಲಿನ ನಗು ನಿಂತಿತು.

ಬಾಮೈದ ಹತ್ತಿರ ಬಂದು ದನಿ ತಗ್ಗಿಸಿ, "ಭಾವ, ಬೇಡ. ಬೇರೆ ಯಾವ್ದಾದ್ರೂ ತೂಗಿ. ಮನೇಲಿ ಕೂತು ಮಾತಾಡೋಣ," ಎಂದ.

ಸಿಕ್ಕಿಬಿದ್ದವರೆಲ್ಲ ಹೀಗೇ ಹೇಳುತ್ತಾರೆ. ಸಾಹೇಬರು ಆರು ವರ್ಷದ ಹಿಂದಿನಂತೆಯೇ, ಒಂದೊಂದಾಗಿ ಎಲ್ಲವನ್ನೂ ಹೊರಗೆ ತೆಗೆಸಿದರು. ಪಟ, ಕಂಬ, ಹಗ್ಗ, ಚುಕ್ಕಾಣಿ, ಕಬ್ಬಿಣದ ಹಲಗೆ. ದೋಣಿಯನ್ನು ಶೆಡ್ಡಿನ ತೊಲೆಗೆ ನೇತುಹಾಕಿದ ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿದರು. ಮುಳ್ಳು ನಡುಗಿ ನಿಂತಿತು. ಎಪ್ಪತ್ತೆರಡು.

"ಎಂಟು ಕಿಲೋ ಕಡಿಮೆ," ಎಂದು ಸಾಹೇಬರು ಗಟ್ಟಿಯಾಗಿ ಓದಿದರು.

ಬಾಮೈದ ತಲೆ ತಗ್ಗಿಸಿ ನಿಂತಿದ್ದ. ಆಗ ಹಿಂದಿನಿಂದ ಮುದಿ ಬಡಗಿ, ಕ್ಲಬ್ಬಿನ ಅರ್ಧ ದೋಣಿಗಳನ್ನು ಕಟ್ಟಿದವರು, ಮುಂದೆ ಬಂದು ನೆಲದ ಮೇಲಿದ್ದ ಕಬ್ಬಿಣದ ಹಲಗೆಯನ್ನು ಕಾಲಿಂದ ಮುಟ್ಟಿದರು.

"ಇದನ್ಯಾಕೆ ತೆಗೆಸಿದ್ರಿ ಸಾಹೇಬ್ರೇ? ಹಲಗೆ ಇಟ್ಕೊಂಡೇ ತೂಗೋದು ಅಲ್ವಾ? ನನ್ನ ದೋಣೀನ ನೀವು ಹಾಗೇ ತೂಗಿದ್ರಿ. ಎಲ್ಲರದ್ದೂ ಹಾಗೇ ತೂಗಿದ್ರಿ."

ಇಬ್ಬರು ಹಲಗೆಯನ್ನೆತ್ತಿ ದೋಣಿಯ ಸೀಳಿಗೆ ಇಳಿಸಿದರು. ಮುಳ್ಳು ಮತ್ತೆ ನಡುಗಿ ಎಂಬತ್ತರ ಮೇಲೆ ನಿಂತಿತು. ಒಂದು ಕೂದಲೆಳೆಯೂ ಆಚೀಚೆ ಇರಲಿಲ್ಲ.

ಸಾಹೇಬರಿಗೆ ಆರು ವರ್ಷದ ಹಿಂದಿನ ಆ ಬೆಳಗು ಕಣ್ಣಿಗೆ ಕಟ್ಟಿತು. ಶೆಡ್ಡಿನಲ್ಲಿ ಇದ್ದವರು ತಾವಿಬ್ಬರೇ. ಬಾಮೈದನಿಗೆ ಆಗ ನಿಯಮ ಗೊತ್ತಿರಲಿಲ್ಲ. ತಮಗೆ ಗೊತ್ತಿತ್ತು, ಆದರೆ ಪಕ್ಷಪಾತ ಎನಿಸಬಾರದೆಂಬ ಹುಚ್ಚಿನಲ್ಲಿ ಎಷ್ಟು ಬಿಗಿಯಾದರೂ ಕಡಿಮೆಯೇ ಎನಿಸಿತ್ತು. ಸರಿಯಾಗಿದ್ದ ದೋಣಿಗೆ ಎಂಟು ಕಿಲೋ ಸೀಸ ಹೊರಿಸಿ, ಆರು ವರ್ಷ ಕಟ್ಟೆಯ ಮೇಲೆ ನಿಂತು, ಅವನು ಕೊನೆಗೆ ಬರುವುದನ್ನು ನೋಡುತ್ತಾ ತಾವೂ ಆರಿದ ಕಾಫಿಯ ಹಾಸ್ಯಕ್ಕೆ ನಕ್ಕಿದ್ದರು.

ಎರಡು ತಿಂಗಳ ಹಿಂದೆ ದೋಣಿಯ ತಳ ರಿಪೇರಿಗೆಂದು ಗೋದಾಮಿಗೆ ಒಯ್ದಾಗ ಅಲ್ಲಿನ ಪಾರ್ಸೆಲ್ ತಕ್ಕಡಿಯ ಮೇಲೆ ಹಲಗೆ ಸಮೇತ ಇಟ್ಟೆ, ಎಂಬತ್ತೆಂಟು ತೋರಿಸಿತು, ಆಗ ಗೊತ್ತಾಯಿತು ಎಂದು ಬಾಮೈದ ಡಾಕ್ಟರಿಗೆ ಗೊಣಗುತ್ತಿದ್ದ. ಹೇಳಲಿಲ್ಲವೇಕೆ ಎಂದು ಡಾಕ್ಟರು ಕೇಳಿದರು. ಅವನು ಭಾವನ ಕಡೆ ಒಮ್ಮೆ ನೋಡಿ ಹಗ್ಗ ಸುತ್ತತೊಡಗಿದ. ಸಾಹೇಬರು ಟೋಪಿ ತೆಗೆದುಕೊಂಡು ಶೆಡ್ಡಿನಿಂದ ಹೊರಬಿದ್ದರು.

ಮನೆ ಹತ್ತು ನಿಮಿಷದ ದಾರಿ. ಹೆಂಡತಿ ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದರು. ಗಂಡನ ಮುಖ ನೋಡಿ ಬಕೆಟ್ಟು ಕೆಳಗಿಟ್ಟರು.

"ನಿಂಗೆ ಗೊತ್ತಿತ್ತು," ಎಂದರು ಸಾಹೇಬರು.

"ಗೊತ್ತಿತ್ತು. ನಾನೇ ಹೇಳ್ತೀನಿ ಅಂದೆ. ಅವನು ಬಿಡ್ಲಿಲ್ಲ. ಭಾವನಿಗೆ ಇರೋದು ಒಂದೇ ಹೆಸರು ಅಕ್ಕಾ, ತೂಕದಲ್ಲಿ ತಪ್ಪಿದ್ರು ಅಂತ ನನ್ನಿಂದ ಆಗ್ಬಾರ್ದು ಅಂದ." ಅವರು ಬಾಗಿಲ ಬುಡಕ್ಕೆ ಕಣ್ಣು ಹಾಯಿಸಿದರು. "ಎಲ್ಲಾನೂ ತೂಗ್ತೀರಲ್ಲ ನೀವು. ಇದನ್ನೂ ಒಂದಿನ ಎತ್ತಿ ನೋಡ್ತೀರಾ, ನಿಮಗೇ ತಿಳಿಯುತ್ತೆ ಅಂತ ಅಲ್ಲಿ ತಂದಿಟ್ಟ."

ಸಾಹೇಬರು ಬಗ್ಗಿ ಗೋಣಿಯ ಗಂಟನ್ನೆತ್ತಿದರು. ಬಿಚ್ಚುವ ಅಗತ್ಯವಿರಲಿಲ್ಲ. ಅವರ ಕೈ ಎಂದೂ ಸುಳ್ಳು ಹೇಳಿದ್ದಿಲ್ಲ. ಎಂಟು ಕಿಲೋ, ಅದೇ ಸೀಸ. ಎರಡು ತಿಂಗಳು ದಿನಕ್ಕೆ ನಾಲ್ಕು ಸಲ ಅದನ್ನು ದಾಟಿ ಓಡಾಡಿದ್ದರು. ಊರಿನವರನ್ನೆಲ್ಲ ಅನುಮಾನಿಸಿದ ಮನುಷ್ಯನಿಗೆ ಅನುಮಾನಿಸಬೇಕಾದ ಒಬ್ಬನೇ ಒಬ್ಬ ಮಾತ್ರ ಕಂಡಿರಲಿಲ್ಲ. ಗಂಟನ್ನು ಹೆಗಲಿಗೇರಿಸಿಕೊಂಡು ಬಂದ ದಾರಿಯಲ್ಲೇ ಹೊರಟರು.

ಶೆಡ್ಡಿನಲ್ಲಿ ಡಾಕ್ಟರು ಬಾಮೈದನ ಕೈಗೆ ಗೆದ್ದವರ ಕಪ್ಪು ಕೊಡುತ್ತಿದ್ದರು. ಸಾಹೇಬರು ಯಾರನ್ನೂ ನೋಡದೆ ನೇರವಾಗಿ ತಕ್ಕಡಿಯ ಬಳಿ ಹೋಗಿ, ಗಂಟನ್ನು ಕೊಕ್ಕೆಗೆ ಸಿಕ್ಕಿಸಿ, ಮುಳ್ಳು ನಿಲ್ಲುವವರೆಗೆ ಕಾದರು. ಅಂಗಡಿಯವರ ಹತ್ತಿರ ಓದಿಸುತ್ತಿದ್ದ ಹಾಗೆಯೇ, ಎಲ್ಲರಿಗೂ ಕೇಳುವಂತೆ ಓದಿದರು.

"ಎಂಟು ಕಿಲೋ. ಆರು ವರ್ಷದಿಂದ. ತೂಗಿದವನು ನಾನು."

ಆಮೇಲೆ ಬಾಮೈದ ಕಪ್ಪನ್ನು ಬೆಂಚಿನ ಮೇಲಿಟ್ಟು ಬಂದು, ಗಂಟನ್ನು ಕೊಕ್ಕೆಯಿಂದ ಬಿಡಿಸಿ ಭಾವನ ಕೈಗೆ ಕೊಟ್ಟ.

"ವಾಪಸ್ ತಗೊಂಡ್ಹೋಗಿ ಭಾವ," ಎಂದ. "ಅಲ್ಲಿ ಅಕ್ಕನ ಬಾಗಿಲು ಬಡ್ಕೊಳ್ತಿರುತ್ತೆ."